ಗುಡ್ಡ ಕಡಿದ ಬರೆಗೆ ಮಳೆಗಾಲದ ಮೊದ್ಲೇ ನೀರಿನ ದಾರಿ ಮಾಡಿಕೊಡುವ ಬಗ್ಗೆ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ಮಂಗಳೂರು

ವಿಷಯ: ಗುಡ್ಡ ಕಡಿದಲ್ಲಿ ಶೇಡಿ ಮಣ್ಣು (ಅಡಿಯ ಮೆತ್ತಗಿನ ಜೇಡಿ) ಹೊರಗೆ ಬಿದ್ದಿರುವುದು, ತಡೆಗೋಡೆಗಿಂತ ಮೊದ್ಲು ಮೇಲಿನ ನೀರು ತಿರುಗಿಸಿಕೊಡುವ ಬಗ್ಗೆ

ಸರ್, ನಮಸ್ಕಾರ. ನಮ್ಮ ಅಡ್ಡರಸ್ತೆಯ ಮೇಲಿನ ಗುಡ್ಡವನ್ನು ಲೇಔಟ್ ಮಾಡ್ಲಿಕ್ಕೆ ಅಂತ ಖಾಸಗಿಯವರು ಜೆಸಿಬಿ ಹಾಕಿ ಕಡಿದು ಹಾಗೇ ಬಿಟ್ಟು ಹೋಗಿದ್ದಾರೆ. ಈಗ ಎರಡು ಮಾಳಿಗೆ ಎತ್ತರದ ಬರೆ, ಅಂದ್ರೆ ಕಡಿದ ಗುಡ್ಡದ ಗೋಡೆ, ನೆಟ್ಟಗೆ ನಿಂತಿದೆ, ಅದರ ಕೆಳಗೆ ನಮ್ಮ ಮನೆಗಳು. ಅವರ ಕಡೆಯವರನ್ನು ಕೇಳಿದ್ರೆ "ಗಟ್ಟಿ ಉಂಟಲ್ಲ ಮಾರಾಯ್ರೆ, ಎಂತ ಆಗುದಿಲ್ಲ" ಅಂದ್ರು. ಏಪ್ರಿಲ್‌ನಲ್ಲಿ ನೋಡಿದ್ರೆ ಯಾವ ಬರೆಯೂ ಗಟ್ಟಿಯೇ ಸರ್.

ನಿಮ್ಮವರು ಒಮ್ಮೆ ಬಂದು ಆ ಬರೆಯ ಎದುರು ನಿಂತು ನೋಡ್ಬೇಕು. ಮೇಲೆ ಹುಲ್ಲಿನ ಬೇರು ಹಿಡಿದುಕೊಂಡ ಕಪ್ಪು ಮಣ್ಣು, ಗೇಣುದ್ದ ಕೂಡ ಇಲ್ಲ. ಅದರ ಕೆಳಗೆ ತೂತು ತೂತಿನ ಮುರಕಲ್ಲು (ಲ್ಯಾಟರೈಟ್). ಅದರ ಕೆಳಗೆ ಬಿಳಿ, ಗುಲಾಬಿ, ಅಲ್ಲಲ್ಲಿ ಹಳದಿ ಬಣ್ಣದ ಶೇಡಿ, ಬೆರಳಲ್ಲಿ ಉಜ್ಜಿದ್ರೆ ಹಿಟ್ಟಿನ ಹಾಗೆ ಬರ್ತದೆ. ಇದೆಲ್ಲ ಒಂದು ಕಾಲದಲ್ಲಿ ಅಡಿಯಲ್ಲಿರುವ ನೈಸ್ (gneiss) ಅನ್ನುವ ಗಟ್ಟಿ ಬಂಡೆಯೇ. 250 ಕೋಟಿ ವರ್ಷಕ್ಕಿಂತ ಹಳೇ ಬಂಡೆ ಅದು, ನಮ್ಮೂರಿನ ಮಳೆ ಮತ್ತು ಸೆಕೆಗೆ ಲಕ್ಷಾಂತರ ವರ್ಷ ನೆನೆದು ಒಣಗಿ ಕೊಳೆತು, ಅದರಲ್ಲಿದ್ದ ಫೆಲ್ಡ್‌ಸ್ಪಾರ್ ಅನ್ನುವ ಖನಿಜ ಜೇಡಿಯಾಗಿ, ಸಿಲಿಕಾ ನೀರಿನ ಜೊತೆ ತೊಳೆದು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮೇಲೆ ಉಳಿದು ಗಟ್ಟಿ ಕಟ್ಟಿದ್ದೇ ಮುರಕಲ್ಲು. ಅಂದ್ರೆ ಗುಡ್ಡದ ಗಟ್ಟಿ ಇರುದು ಮೇಲೆ, ಮೆತ್ತಗಿರುದು ಕೆಳಗೆ. ಕಡಿದವರು ಗಟ್ಟಿಯನ್ನು ಕಲ್ಲು ಮಾಡಿ ಮಾರಿ ಮೆತ್ತಗಿನದ್ದನ್ನು ನಮಗೆ ಬಿಟ್ಟು ಹೋಗಿದ್ದಾರೆ.

ಶೇಡಿ ಒಣಗಿದ್ದಾಗ ಗೋಡೆ ಹಾಗೆ ನಿಲ್ತದೆ, ನೀರು ಕುಡಿದ್ರೆ ಮುಗೀತು. ನಾವು ಬರೆಯಿಂದ ಮುಷ್ಟಿ ಗಾತ್ರದ ಹೆಂಟೆ ತಂದು ಬಕೆಟ್ ನೀರಿಗೆ ಹಾಕಿ ನೋಡಿದೆವು. ಮೊದ್ಲು ಸುತ್ತ ಗುಳ್ಳೆ ಬಂತು, ಮತ್ತೆ ಅಂಚು ಉದುರ್ಲಿಕ್ಕೆ ಶುರುವಾಯ್ತು, ಚಾ ಕುಡಿದು ಬರುವಷ್ಟರಲ್ಲಿ ಅಡಿಯಲ್ಲಿ ಬರೀ ಕೆಸರು. ಅದೇ ಬಕೆಟ್‌ಗೆ ಹಾಕಿದ ಮುರಕಲ್ಲಿನ ತುಂಡು ಮರುದಿನವೂ ಹಾಗೇ ಇತ್ತು. ಇಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳ್ತದೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಈ ಬರೆ ಎಷ್ಟು ಹೊತ್ತು ನಿಲ್ತದೆ ಅಂತ ನೀವೇ ಹೇಳಿ.

ಇನ್ನೊಂದು ವಿಷಯ, ಮುರಕಲ್ಲಿನ ತೂತಲ್ಲಿ ಇಳಿದ ನೀರು ಶೇಡಿ ಸಿಕ್ಕಿದ ಕೂಡ್ಲೇ ಮುಂದೆ ಸರಿಯಾಗಿ ಇಳಿಯುದಿಲ್ಲ, ಅಡ್ಡಕ್ಕೆ ಹರೀತದೆ, ನಮ್ಮ ಬಾವಿಗಳಿಗೆ ನೀರು ಬರುದೇ ಹಾಗೆ. ಈಗ ಆ ಗೆರೆಯನ್ನೇ ಕಡಿದು ಬಯಲಿಗೆ ಹಾಕಿದ್ದಾರೆ, ಈ ಬೇಸಿಗೆಯಲ್ಲೂ ಅಲ್ಲಿ ಒಂದು ಕಡೆ ಪಸೆ ಕಾಣ್ತದೆ. ಜರಿಯುದಾದ್ರೆ ಅಲ್ಲಿಂದಲೇ ಅಂತ ನಮ್ಮ ಲೆಕ್ಕ.

ಹಾಗಾಗಿ ಬರೀ ಕಾಂಕ್ರೀಟ್ ಗೋಡೆ ಎಬ್ಬಿಸಿ ಬಿಲ್ ಮಾಡುವ ಕೆಲಸ ಬೇಡ ಸರ್, ಸಿಮೆಂಟ್ ಸ್ಪ್ರೇ ಮಾತ್ರ ಹೊಡೆದು ಬಿಡುದೂ ಬೇಡ, ಹಿಂದೆ ನೀರು ಕಟ್ಟಿಕೊಂಡ್ರೆ ಗೋಡೆ ಸಮೇತ ನಮ್ಮ ಅಂಗಳಕ್ಕೆ ಬರ್ತದೆ. ಮೊದ್ಲು ಬರೆಯ ಮೇಲಿನ ಅಂಚಿನಿಂದ ಸ್ವಲ್ಪ ಹಿಂದೆ ಚರಂಡಿ ತೆಗೆದು ಗುಡ್ಡದ ನೀರನ್ನು ಬದಿಯ ತೋಡಿಗೆ ತಿರುಗಿಸಿ, ಇದು ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆಯ ಒಳಗೆ ಆಗ್ಲೇಬೇಕು. ನೆಟ್ಟಗಿನ ಬರೆಯನ್ನು ಮೆಟ್ಟಿಲು ಮಾಡಿ, ತೆಂಗಿನ ನಾರಿನ ಮ್ಯಾಟ್ ಹಾಸಿ ಲಾವಂಚ ನೆಡಿಸಿ, ಅದರ ಬೇರು ಎರಡು ಮೂರು ಮೀಟರ್ ಕೆಳಗೆ ಹೋಗ್ತದೆ. ನೀರು ಹಾಕುದು ನಾವು ನೋಡ್ಕೊಳ್ತೇವೆ, ಟ್ಯಾಂಕರ್ ಕೇಳುದಿಲ್ಲ. ಗೋಡೆ ಅಂತ ಮತ್ತೆ ಕಟ್ಟುದಾದ್ರೆ ಹಿಂದೆ ಜಲ್ಲಿ ತುಂಬಿಸಿ, ನೀರು ಹೋಗ್ಲಿಕ್ಕೆ ಪೈಪ್ ಇಡಿಸಿ. ಮಳೆ ಮುಗಿಯುವ ತನಕ ಅಲ್ಲಿ ಇನ್ನೊಂದು ಬುಟ್ಟಿ ಮಣ್ಣೂ ತೆಗೆಯಬಾರದು ಅಂತ ಜಾಗದವರಿಗೆ ನೋಟಿಸ್ ಕೊಡಿ.

ಮೇಲಿನ ಕಪ್ಪು ಮಣ್ಣನ್ನು ದೂಡಿ ತೋಡಿಗೆ ಹಾಕಿದ್ದು ನೋಡಿದ್ರೆ ಹೊಟ್ಟೆ ಉರೀತದೆ. ಕಲ್ಲಿನ ಹೊಂಡದಲ್ಲಿ ಪಾಚಿ ಹಿಡಿದು, ಹುಲ್ಲು ಹುಟ್ಟಿ ಕೊಳೆತು, ಹೀಗೆ ಒಂದು ಸೆಂಟಿಮೀಟರ್ ಮಣ್ಣಾಗ್ಲಿಕ್ಕೆ ನೂರಾರು ವರ್ಷ ಬೇಕು. ತೋಡಿನ ಹೂಳು ತೆಗೆಸುವಾಗ ಅದನ್ನು ಲಾರಿಯಲ್ಲಿ ಎಲ್ಲೋ ಸುರಿಯದೆ ಬೇರೆ ರಾಶಿ ಹಾಕಿಸಿ, ಮೆಟ್ಟಿಲಿಗೆ ಅದೇ ಹಾಕಿದ್ರೆ ಲಾವಂಚ ಬೇಗ ಹಿಡೀತದೆ, ಬರೀ ಶೇಡಿಯಲ್ಲಿ ಗಿಡ ಏಳುದು ಕಷ್ಟ.

ಇಂಜಿನಿಯರ್ ಯಾವ ದಿನ ಬರ್ತಾರೆ ಅಂತ ಮುಂಚೆ ತಿಳಿಸಿ. ಮೇಲಿನ ಅಂಚಿಗೆ ಹೋಗುವ ಕಾಲುದಾರಿ ರಸ್ತೆಯಿಂದ ಕಾಣುದಿಲ್ಲ, ನಮ್ಮಲ್ಲಿ ಯಾರಾದ್ರೂ ಜೊತೆಗೆ ಬರ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಅಡ್ಡರಸ್ತೆಯ ನಿವಾಸಿಗಳು
(ಸಹಿ ಪಟ್ಟಿ ಮತ್ತು ಬರೆಯ ಫೋಟೋ ಲಗತ್ತಿಸಿದೆ)