ಕಥೆ ಮುಗಿದ ಮೇಲೆ ಸ್ವಲ್ಪ ಸುಮ್ಮನಿರು, ಮಗಳೇ

ಬೆಟಗೇರಿ

ಪ್ರೀತಿಯ ಮಗಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಾವಿಲ್ಲಿ ದೇವರ ದಯೆಯಿಂದ ಆರಾಮಾಗಿದ್ದೇವೆ. ನಿಮ್ಮಪ್ಪನ ಮೊಣಕಾಲು ನೋವು ಈಗ ಕಡಿಮೆ. ಬೆಳಿಗ್ಗೆ ಹಾಲು ತರಲು ತಾವೇ ಹೋಗುತ್ತಾರೆ.

ಮೊನ್ನೆ ನೀನು ಬೆಂಗಳೂರಿನಿಂದ ಫೋನ್ ಮಾಡಿ, ಸಂಡೇ ಸ್ಕೂಲಿನ ಸಣ್ಣ ಮಕ್ಕಳ ತರಗತಿಯನ್ನು ನಿನಗೆ ಒಪ್ಪಿಸಿದ್ದಾರೆ ಅಂದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಫೋನ್ ಇಟ್ಟ ಮೇಲೆ ಒಳಗೆ ಹೋಗಿ ಪ್ರಾರ್ಥನೆ ಮಾಡಿದೆ. ನೀನು ಕೇಳಿದ್ದು ಇಷ್ಟೇ: "ಅವ್ವಾ, ದಿನಾ ನಡೆಯೋ ಸಣ್ಣ ಸಣ್ಣ ಕಥೆ, ಕೊನೆಗೊಂದು ನೀತಿ, ವಾರಕ್ಕೊಂದರಂತೆ ಬರೆದು ಕಳಿಸು." ನಾನೂ ಹೂಂ ಅಂದೆ. ಬರೆಯಲು ಕೂತಾಗ ಮಾತ್ರ ಕೈ ಓಡಲಿಲ್ಲ. 22 ವರ್ಷ ಇದೇ ಊರಲ್ಲಿ ಮಕ್ಕಳಿಗೆ ಕಥೆ ಹೇಳಿದ್ದೇನೆ. ಕಥೆಗೇನೂ ಬರವಿಲ್ಲ. ಆದರೆ ಆ ಕೊನೆಯ ನೀತಿ ಇದೆಯಲ್ಲ, ಅದರ ಬಗ್ಗೆ ನಿನಗೆ ಮೊದಲು ಹೇಳಬೇಕು ಅನಿಸಿತು. ಅದಕ್ಕೇ ಈ ಕಾಗದ.

ಯೇಸುಸ್ವಾಮಿ ಹೇಳಿದ ಸಾಮ್ಯಗಳನ್ನು, ಅಂದರೆ ಹೋಲಿಕೆಯ ಸಣ್ಣ ಕಥೆಗಳನ್ನು, ಮತ್ತೆ ಒಂದೊಂದಾಗಿ ಓದಿ ನೋಡು. ದೇವಾಲಯ, ಯಾಜಕ ಅಂತ ಶುರುವಾಗುವ ಕಥೆ ಎಷ್ಟಿವೆ? ತೀರಾ ಕಡಿಮೆ. ಉಳಿದದ್ದೆಲ್ಲ ಬಿತ್ತೋದು, ಮೀನಿನ ಬಲೆ, ಕೂಲಿ, ಸಾಲ, ಮದುವೆ ಊಟ, ಹಿಟ್ಟು, ದೀಪದ ಎಣ್ಣೆ. ಕೇಳಿದವರು ಮನೆಗೆ ಹೋಗಿ ಅದೇ ಹಿಟ್ಟಿಗೆ, ಅದೇ ದೀಪಕ್ಕೆ ಕೈ ಹಾಕಬೇಕಿತ್ತು. ಕಥೆ ಅವರ ಜೊತೆಗೇ ಮನೆಗೆ ಹೋಗುತ್ತಿತ್ತು. ಬಿತ್ತುವವನ ಸಾಮ್ಯದ ಅರ್ಥವನ್ನು ಸ್ವಾಮಿ ಬಿಡಿಸಿ ಹೇಳಿದ್ದೂ ನಿಜ. ಅದು ಶಿಷ್ಯರು ಬಂದು ಕೇಳಿದ ಮೇಲೆ.

ಹಾದಿಗೆ, ಬಂಡೆಗೆ, ಮುಳ್ಳಿಗೆ ಬಿದ್ದ ಬೀಜ ಹಾಳಾಗಿ, ಒಳ್ಳೆಯ ನೆಲಕ್ಕೆ ಬಿದ್ದದ್ದು ಫಲ ಕೊಡುವ ಆ ಬಿತ್ತುವವನ ಕಥೆಯನ್ನು ನಾನು ಮೊದಲ ಸಲ ಹೇಳಿದಾಗ ಏನಾಯಿತು ಗೊತ್ತಾ? ನಮ್ಮ ಕಡೆ ಎರೆ ಹೊಲ. ಕೂರಿಗೆ ಹೂಡಿ ಬಿತ್ತುತ್ತಾರೆ, ಬೀಜ ಸಾಲು ಹಿಡಿದು ನೆಲದೊಳಗೆ ಇಳಿಯುತ್ತದೆ. ಒಬ್ಬ ಹುಡುಗ ಎದ್ದು ನಿಂತು, "ಅಕ್ಕೋರೇ, ಹಾದಿ ಮ್ಯಾಲೆ ಯಾರ್ ಬೀಜ ಚೆಲ್ತಾರ್ರಿ?" ಅಂದ. ನಾನು ತಬ್ಬಿಬ್ಬು. ಸ್ವಾಮಿಯ ನಾಡಾದ ಗಲಿಲಾಯದ ರೈತ ಮಡಿಲಲ್ಲಿ ಬೀಜ ಇಟ್ಟುಕೊಂಡು ಕೈಯಿಂದ ಬೀರಿ ಬಿತ್ತುತ್ತಿದ್ದ ಅಂತ ಆಮೇಲೆ ತಿಳಿದುಕೊಂಡೆ. ಹಾಗೆ ಬೀರಿದರೆ ನಾಲ್ಕು ಕಾಳು ಹಾದಿಗೂ ಬೀಳುತ್ತವೆ, ಬಂಡೆಗೂ ಬೀಳುತ್ತವೆ. ಅದನ್ನು ಹೇಳಿದೆ. ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ದೇವರು ಎಲ್ಲಾ ಕಡೆ ಚೆಲ್ತಾನ, ಹೌದಲ್ರಿ?" ಅಂದ. ನಾನು ಸಿದ್ಧಮಾಡಿಕೊಂಡು ಹೋಗಿದ್ದ ನೀತಿ ಅದಲ್ಲ. "ಒಳ್ಳೆಯ ನೆಲವಾಗಿರಿ" ಅಂತ ಹೇಳಿಕೊಡಲು ಹೋಗಿದ್ದೆ. ಅವನು ಬೀಜ ಬೀರುವವನ ಕೈ ನೋಡಿದ್ದ.

ಇನ್ನು ಓಲೆಯ ತಿರುಪಿನ ಕಥೆ. ಇದು ನಿನಗೆ ನೆನಪಿರಬಹುದು, ನೀನಾಗ ಐದನೇ ಕ್ಲಾಸು. ತಲೆಸ್ನಾನ ಮಾಡಿ ಬಂದು ಕಿವಿ ಮುಟ್ಟಿಕೊಂಡರೆ ಎಡಗಿವಿಯ ಓಲೆಯ ತಿರುಪು ಇಲ್ಲ. ನಮ್ಮ ಹಳೇ ಮನೆಯ ನಡುಮನೆ ಹೇಗಿತ್ತು ಹೇಳು: ಮಟಮಟ ಮಧ್ಯಾಹ್ನವೂ ಕತ್ತಲು. ಕೆಳಗೆ ಶಹಾಬಾದ್ ಫರಸಿ, ಕಲ್ಲು ಕಲ್ಲಿನ ನಡುವೆ ಸಂದು. ಹಾಡುಹಗಲೇ ಬ್ಯಾಟರಿ ಹಿಡಿದುಕೊಂಡು, ಮೊಣಕಾಲೂರಿ, ಸಂದು ಸಂದಿಗೂ ಕಸಬರಿಗೆ ಕಡ್ಡಿ ಹಾಕಿ ಕೆದಕಿದೆ. ಗುಡಿಸಿದ ಕಸವನ್ನು ಮೊರಕ್ಕೆ ಹಾಕಿ ಕೇರಿದೆ. ಮೂರು ತಾಸಾದ ಮೇಲೆ ಒಂದು ಸಂದಿನಲ್ಲಿ, ಮಣ್ಣಿನ ನಡುವೆ, ಜೋಳದ ಕಾಳಿಗಿಂತ ಸಣ್ಣದಾಗಿ ಮಿಣಕ್ ಅಂತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಏನಾಯಿತೋ ಅಂತ ಓಡಿ ಬಂದರು. ಅವರಿಗೆಲ್ಲ ಚಹಾ ಮಾಡಿ, ಚುರುಮುರಿ ಒಗ್ಗರಣೆ ಹಾಕಿ ಕೊಟ್ಟೆ.

ಮರುವಾರ ಲೂಕ 15ನೇ ಅಧ್ಯಾಯ ತೆಗೆದಾಗ ನನ್ನ ಮೈ ಜುಮ್ಮೆಂದಿತು. ಹತ್ತು ಬೆಳ್ಳಿ ನಾಣ್ಯದಲ್ಲಿ ಒಂದು ಕಳೆದುಕೊಂಡ ಹೆಂಗಸು ದೀಪ ಹಚ್ಚಿ ಮನೆ ಗುಡಿಸುತ್ತಾಳೆ. ದೀಪ ಯಾಕೆ ಅಂತ ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಗಲಿಲಾಯದ ಕಪೆರ್ನೌಮ್ ಊರಿನಲ್ಲಿ ಅಗೆದು ತೆಗೆದಿರುವ ಆ ಕಾಲದ ಮನೆಗಳು ಕರೀ ಕಲ್ಲಿನವು. ಕಿಟಕಿ ಸಣ್ಣವು. ನೆಲಕ್ಕೂ ಕರೀ ಕಲ್ಲು, ನಡುವೆ ಸಂದು. ಅವಳ ಮನೆಯೂ ನಮ್ಮ ನಡುಮನೆಯ ಹಾಗೇ ಇದ್ದಿರಬೇಕು ಅಲ್ವಾ? ಸಿಕ್ಕ ಮೇಲೆ ಅವಳೂ ಅಕ್ಕಪಕ್ಕದವರನ್ನು ಕರೆಯುತ್ತಾಳೆ. ಕಳೆದವರು ಒಬ್ಬರು ಸಿಕ್ಕರೆ ದೇವದೂತರ ಮುಂದೆ ಇಂಥ ಸಂತೋಷ ಆಗುತ್ತದೆ ಅನ್ನುತ್ತಾರೆ ಸ್ವಾಮಿ. ಹೊಲದ ಮಾತು ಬಲ್ಲ ದೇವರು, ಸೊಂಟ ಬಗ್ಗಿಸಿ ಕಸ ಕೆದಕುವ ಹೆಂಗಸಿನ ತವಕವನ್ನೂ ಬಲ್ಲ. ಈ ಮಾತು ನನಗೆ ಎಷ್ಟು ಸಮಾಧಾನ ಕೊಟ್ಟಿದೆ ಅಂತ ಹೇಳಲಾರೆ. ನೀನು ಪಿಯುಸಿ ಓದುವಾಗ ಒಂದು ವರ್ಷ ಚರ್ಚಿಗೇ ಬರಲ್ಲ ಅಂತ ಹಟ ಹಿಡಿದೆಯಲ್ಲ, ಆಗ ದಿನಾ ರಾತ್ರಿ ಆ ಬ್ಯಾಟರಿ ಬೆಳಕನ್ನೇ ನೆನೆಸಿಕೊಂಡು ಮಲಗುತ್ತಿದ್ದೆ.

ಒಂದು ಎಚ್ಚರಿಕೆ. ನಮ್ಮ ಮನೆಯ ವಸ್ತು ಎಲ್ಲ ಕಡೆಗೂ ಹೊಂದಲ್ಲ. ಮತ್ತಾಯ 13ರಲ್ಲಿ ಹುಳಿಹಿಟ್ಟಿನ ಸಾಮ್ಯ ಬರುತ್ತದೆ: ಒಬ್ಬ ಹೆಂಗಸು ಹಿಟ್ಟಿಗೆ ಹುಳಿ ಕಲಸಿಡುತ್ತಾಳೆ, ಹಿಟ್ಟೆಲ್ಲ ಹುಳಿಯಾಗುತ್ತದೆ, ಪರಲೋಕ ರಾಜ್ಯವೂ ಹಾಗೇ ಅಂತ. ನಮ್ಮದು ಜೋಳದ ರೊಟ್ಟಿ, ಅದಕ್ಕೆ ಹುಳಿ ಯಾತಕ್ಕೆ? ಅದಕ್ಕೇ ನಾನು ಹೆಪ್ಪು ತೋರಿಸುತ್ತಿದ್ದೆ. ಶನಿವಾರ ಸಂಜೆ ಮಕ್ಕಳ ಎದುರಿಗೇ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಹಾಕಿ ಮುಚ್ಚಿಡೋದು. ಭಾನುವಾರ ಆರಾಧನೆ ಆದ ಮೇಲೆ ಮುಚ್ಚಳ ತೆಗೆಯೋದು. ಒಂದು ಸಲ ಇಬ್ಬರು ಹುಡುಗಿಯರು ರಾತ್ರಿ ತಡೆಯಲಾರದೆ ಮತ್ತೆ ಮತ್ತೆ ಬಂದು ಮುಚ್ಚಳ ತೆಗೆದು, ಅಲುಗಾಡಿಸಿ ನೋಡಿ ಹೋಗಿದ್ದರು. ಆ ವಾರ ಮೊಸರು ಒಡೆದು ನೀರು ನೀರಾಗಿತ್ತು. ಅದೂ ಒಂದು ಪಾಠವೇ ಆಯಿತು.

ಆದರೆ ಹೆಪ್ಪಿನಲ್ಲಿ ಒಂದು ಕೊರತೆ ಇದೆ. ನಮಗೆ ಹೆಪ್ಪು ಒಳ್ಳೆಯ ವಸ್ತು. ಯೆಹೂದ್ಯರಿಗೆ ಹುಳಿಹಿಟ್ಟು ಅಂದರೆ ಪಸ್ಕ ಹಬ್ಬದ ಕಾಲಕ್ಕೆ ಏಳು ದಿನ ಮನೆಯಿಂದಲೇ ಹೊರಗೆ ಹಾಕಬೇಕಾದದ್ದು. ಸ್ವಾಮಿಯೇ ಇನ್ನೊಂದು ಕಡೆ ಧರ್ಮಶಾಸ್ತ್ರದಲ್ಲಿ ಕಟ್ಟುನಿಟ್ಟಾಗಿದ್ದ ಫರಿಸಾಯರ ಹುಳಿಹಿಟ್ಟಿನ ಬಗ್ಗೆ ಎಚ್ಚರವಾಗಿರಿ ಅಂದಿದ್ದಾರೆ. ಅಂಥದ್ದನ್ನು ಪರಲೋಕ ರಾಜ್ಯಕ್ಕೆ ಹೋಲಿಸಿದಾಗ ಕೇಳಿದವರು ಹುಬ್ಬೇರಿಸಿರಬೇಕು. ಜೊತೆಗೆ ಆ ಹೆಂಗಸು ಕಲಸಿದ ಹಿಟ್ಟು ಒಂದೆರಡು ಬೊಗಸೆಯಲ್ಲ. ನಮ್ಮ ಸತ್ಯವೇದದಲ್ಲಿ ಮೂರು ಸೇರು ಅಂತಿದೆ. ಅಲ್ಲಿಯ ಅಳತೆಯಲ್ಲಿ ಅದು ಹೆಚ್ಚುಕಡಿಮೆ 40 ಲೀಟರ್ ಪಾತ್ರೆ ತುಂಬುವಷ್ಟು. ಊರೂಟಕ್ಕೆ ಸಾಲುವಷ್ಟು ರೊಟ್ಟಿ! ಇದನ್ನೆಲ್ಲ ಮಕ್ಕಳಿಗೆ ಹೇಳಲೇಬೇಕು ಅಂತಿಲ್ಲ. ನಿನಗೆ ಗೊತ್ತಿರಲಿ. ಹೇಳುವವಳಿಗೆ ಗೊತ್ತಿದ್ದರೆ ಕಥೆಗೆ ತೂಕ ಬರುತ್ತದೆ.

ನಮ್ಮ ಹಿರಿಯರಿಗೆ ಕಥೆ ತಲುಪಿದ್ದೂ ಹೀಗೇ. ಸುವಾರ್ತೆ ಸಾರುವ ಬಾಸೆಲ್ ಮಿಶನ್ನಿನವರು ಬೆಟಗೇರಿಗೆ ಬಂದದ್ದು 1841ರಲ್ಲಿ. ಬೇರೆ ದೇಶದವರು, ಕನ್ನಡ ಕಲಿತು ಮಾತಾಡಿದರು. ನಿಘಂಟು ಬರೆದ ಕಿಟೆಲ್ ಅವರು 1862ರಲ್ಲೇ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಪದ್ಯವಾಗಿ ಬರೆದಿದ್ದರು. ಜನರ ಬಾಯಲ್ಲಿ ಕೂರಬೇಕಾದರೆ ಜನರ ಲಯದಲ್ಲೇ ಇರಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಈಗ ನಿನಗೆ ಇಷ್ಟು ದಿನ ಹೇಳದ ಒಂದು ವಿಷಯ ಹೇಳುತ್ತೇನೆ.

ನೀನು ಹಾಸ್ಟೆಲಿನಲ್ಲಿದ್ದ ವರ್ಷ ಹಿಂದಿನ ಗೋಡೆ ಬಿದ್ದು ಕಟ್ಟಿಸಿದೆವಲ್ಲ, ಆಗಿನ ಮಾತು. ಬೆಳಿಗ್ಗೆ ಕೂಲಿಯವರು ನಿಲ್ಲುವ ಸರ್ಕಲ್ ನೀನು ನೋಡಿದ್ದೀ. ಗಂಡಸರು ಸಲಿಕೆ, ಕರಣಿ ಹಿಡಿದು, ಹೆಂಗಸರು ಬುಟ್ಟಿ, ಬುತ್ತಿ ಗಂಟು ಹಿಡಿದು ನಿಂತಿರುತ್ತಾರೆ. ಮೇಸ್ತ್ರಿ ಬಂದು ಗಟ್ಟಿಮುಟ್ಟಾದವರನ್ನು ಮೊದಲು ಆರಿಸಿಕೊಂಡು ಹೋಗುತ್ತಾನೆ. ಹತ್ತು ಗಂಟೆಯ ಮೇಲೂ ನಿಂತವರಿಗೆ ಅವತ್ತು ಕೆಲಸ ಇಲ್ಲ ಅಂತಲೇ. ನಮ್ಮ ಕೆಲಸಕ್ಕೆ ನಾಲ್ಕು ಜನ ಬರುತ್ತಿದ್ದರು. ಅವರಲ್ಲಿ ಒಬ್ಬ ಹೆಂಗಸು ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೆ ಬಂದಳು. ಮಗುವಿಗೆ ಜ್ವರ, ತೋರಿಸಿಕೊಂಡು ಬಂದೆ ಅಂದಳು. ಸಂಜೆ ದುಡ್ಡು ಎಣಿಸಿ ಕೊಡುವಾಗ ನಾನು ಅರ್ಧ ದಿನದ ಕೂಲಿ ಕೊಟ್ಟೆ. ಅವಳು ನೋಟು ನೋಡಿದಳು, ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು. ನಿಮ್ಮಪ್ಪ, "ಪೂರ್ತಿ ಕೊಟ್ಟಿದ್ರೆ ಆಗ್ತಿತ್ತು" ಅಂದರು. "ಹಾಗಾದ್ರೆ ಉಳಿದವರು ಸುಮ್ನೆ ಇರ್ತಾರಾ?" ಅಂತ ನಾನೇ ದಬಾಯಿಸಿದೆ. ಮಾರನೇ ದಿನದಿಂದ ಅವಳು ಬರಲಿಲ್ಲ.

ಆ ಭಾನುವಾರದ ಪಾಠ ಮತ್ತಾಯ 20. ದ್ರಾಕ್ಷಿ ತೋಟದ ಯಜಮಾನ. ಬೆಳಗಾದೊಡನೆ ಒಮ್ಮೆ, ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಸಂತೆಪೇಟೆಗೆ ಹೋಗಿ ಆಳು ಕರೆತರುತ್ತಾನೆ. ಹೊತ್ತು ಮುಳುಗಿದಾಗ ಎಲ್ಲರಿಗೂ ಒಂದೊಂದು ಬೆಳ್ಳಿ ನಾಣ್ಯ. ಅದು ಆಗಿನ ಒಂದು ದಿನದ ಕೂಲಿ. ಎಷ್ಟು ಸಲ ಹೇಳಿದ್ದೆ ಈ ಕಥೆಯನ್ನು! ಆವತ್ತು "ಸಂತೆಪೇಟೆಯಲ್ಲಿ ಸುಮ್ಮನೆ ನಿಂತಿದ್ದವರನ್ನು ನೋಡಿ" ಅನ್ನೋವಷ್ಟರಲ್ಲಿ ಗಂಟಲು ಕಟ್ಟಿತು. ನೀತಿ ಹೇಳುವ ಬಾಯಿ ನನಗಿರಲಿಲ್ಲ. ಮಕ್ಕಳ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳಿಬಿಟ್ಟೆ. ಗೋಡೆ, ಜ್ವರ, ಅರ್ಧ ಕೂಲಿ, ಎಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಅವಳಪ್ಪ ಅದೇ ಸರ್ಕಲಿನಲ್ಲಿ ನಿಲ್ಲುವವನು. ತಲೆ ಬಗ್ಗಿಸಿಕೊಂಡೇ ಹೇಳಿದಳು: "ಅಕ್ಕೋರೇ, ಕೆಲಸ ಅರ್ಧ ಸಿಕ್ರೂ ಮನ್ಯಾಗ ಹೊಟ್ಟಿ ಪೂರ್ತಿನ ಇರ್ತಾವ್ರಿ."

ನನ್ನ ಜೀವನದಲ್ಲಿ ಆ ಸಾಮ್ಯದ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಇದಕ್ಕಿಂತ ದೊಡ್ಡ ಮಾತು ಕೇಳಿಲ್ಲ. ಯಜಮಾನ ಲೆಕ್ಕ ಹಾಕಿದ್ದು ಗಂಟೆಗಳನ್ನಲ್ಲ, ಮನೆಯಲ್ಲಿ ಕಾಯುತ್ತಿದ್ದ ಹೊಟ್ಟೆಗಳನ್ನು. ದಿನಗೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡು, ಅವನು ಅದರ ಮೇಲೇ ಆಸೆ ಇಟ್ಟುಕೊಂಡಿದ್ದಾನೆ ಅಂತ ಧರ್ಮೋಪದೇಶಕಾಂಡ 24ರಲ್ಲೇ ಬರೆದಿದೆ. ಓದಿದ್ದೆ, ಅಡಿಗೆರೆಯೂ ಎಳೆದಿದ್ದೆ.

ಸೋಮವಾರ ಬೆಳಿಗ್ಗೆ ಸರ್ಕಲಿಗೆ ಹೋದೆ. ಅವಳಿರಲಿಲ್ಲ. ಒಂಬತ್ತು ದಿನ ಹೋದ ಮೇಲೆ ಸಿಕ್ಕಳು. ಉಳಿದ ಅರ್ಧ ಕೂಲಿಯನ್ನು ಕೈಗಿಟ್ಟು, "ತಪ್ಪಾಯ್ತವ್ವ" ಅಂದೆ. ಅವಳು ತಗೊಂಡಳು. "ಮಗ ಈಗ ಆರಾಮದಾನ್ರಿ" ಅಂದಳು. ಅಷ್ಟೇ. ನಾನು ಕೇಳಲು ಮರೆತಿದ್ದನ್ನು ಅವಳೇ ಹೇಳಿದಳು.

ಇನ್ನೊಬ್ಬನ ಹೆಂಡತಿಯನ್ನು ತನ್ನದಾಗಿಸಿಕೊಂಡ ದಾವೀದ ಅರಸನ ಹತ್ತಿರ ನಾತಾನ ಪ್ರವಾದಿ ಹೋಗಿ, ಬಡವನ ಒಂದೇ ಒಂದು ಕುರಿಮರಿಯನ್ನು ಸಾಹುಕಾರ ಕಿತ್ತುಕೊಂಡ ಕಥೆ ಹೇಳುತ್ತಾನಲ್ಲ, ಎರಡನೆಯ ಸಮುವೇಲದಲ್ಲಿ? ಆ ಮರಿ ಅವನ ತಟ್ಟೆಯಲ್ಲೇ ತಿನ್ನುತ್ತಿತ್ತು, ಮಗಳ ಹಾಗಿತ್ತು. ದಾವೀದ ಕುರಿ ಕಾಯ್ದು ಬೆಳೆದವನು, ಕೇಳಿ ಕೆಂಡವಾಗುತ್ತಾನೆ, ತಾನೇ ತೀರ್ಪು ಹೇಳುತ್ತಾನೆ. ಆಮೇಲೆ ನಾತಾನ "ಆ ಮನುಷ್ಯನು ನೀನೇ" ಅನ್ನುತ್ತಾನೆ. ಆ ಒಂದು ಮಾತನ್ನೇ ಮೊದಲು ಹೇಳಿದ್ದರೆ ದಾವೀದನಿಗೆ ಸಿಟ್ಟು ಬರುತ್ತಿತ್ತು, ಪಶ್ಚಾತ್ತಾಪ ಬರುತ್ತಿತ್ತೋ ಇಲ್ಲವೋ. ಸರ್ಕಲಿನ ಹುಡುಗಿ ನನಗೆ ಬೆರಳು ತೋರಿಸಲಿಲ್ಲ. ಆದರೂ ಆ ಮಾತು ನನಗೆ ಕೇಳಿಸಿತು.

ಅದಕ್ಕೇ ಮಗಳೇ, ಕಥೆ ಮುಗಿದ ಮೇಲೆ ಸ್ವಲ್ಪ ಸುಮ್ಮನಿರು. ಕಷ್ಟ ಆಗುತ್ತದೆ, ಕೈಗೆ ಬಾಯಿಗೆ ಏನಾದರೂ ಕೆಲಸ ಬೇಕು ಅನಿಸುತ್ತದೆ. ಇರು. ತಪ್ಪಿಹೋದ ಮಗನ ಸಾಮ್ಯದಲ್ಲಿ, ಮನೆ ಬಿಟ್ಟು ಹೋಗಿದ್ದ ಚಿಕ್ಕ ಮಗ ಮರಳಿ ಬಂದ ಅಂತ ಸಿಟ್ಟು ಮಾಡಿಕೊಂಡು ದೊಡ್ಡ ಮಗ ಅಂಗಳದಲ್ಲಿ ನಿಂತಿದ್ದಾನೆ, ಒಳಗೆ ಹಬ್ಬದೂಟ. ತಂದೆ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನಾ? ಸ್ವಾಮಿ ಹೇಳಲೇ ಇಲ್ಲ. ಮಕ್ಕಳು ಕೇಳಿದರೆ, "ನೀನಾಗಿದ್ರೆ ಹೋಗ್ತಿದ್ಯಾ?" ಅಂತ ಕೇಳು. ಉತ್ತರ ಏನೇ ಬರಲಿ, ತಿದ್ದಬೇಡ. ಒಂದು ಮಗು "ಹೋಗಲ್ಲ" ಅಂದರೆ ಅದರ ಮನೆಯಲ್ಲಿ ಏನೋ ನಡೆದಿರಬಹುದು. ಆ ಮಗುವನ್ನು ಆಮೇಲೆ ಹತ್ತಿರ ಕೂರಿಸಿಕೊಂಡು ಮಾತಾಡಿಸು.

ನಿಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಫರಸಿ, ಮೊರ ಗೊತ್ತಿರಲಿಕ್ಕಿಲ್ಲ. ಅವರ ಮನೆಯಲ್ಲಿ ಏನಿದೆ ಅಂತ ಅವರನ್ನೇ ಕೇಳು. ಸೋಫಾ ಕೆಳಗೆ ಹೋದ ರಿಮೋಟು, ಕೆಳಗಿನ ಗೇಟಿನಲ್ಲಿ ರಾತ್ರಿಯೆಲ್ಲ ಎದ್ದಿರುವ ವಾಚ್‌ಮನ್, ಪಾತ್ರೆ ತೊಳೆಯಲು ಬರುವ ಅಕ್ಕ. ಅಲ್ಲಿಂದ ಶುರು ಮಾಡು.

ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಫೋನ್ ಮಾಡು. ನೀನು ಏನು ಹೇಳಿದೆ ಅನ್ನೋದು ಆಮೇಲೆ. ಮಕ್ಕಳು ಏನು ಕೇಳಿದರು, ಅದನ್ನು ಮೊದಲು ಹೇಳು. ನಾನು, ನಿಮ್ಮಪ್ಪ ಇಬ್ಬರೂ ಕಾಯುತ್ತಿರುತ್ತೇವೆ.

ಇಂತಿ ನಿನ್ನ ಪ್ರೀತಿಯ
ಅವ್ವ