ತಾನಾಗಿ ಉಳಿದದ್ದು ಯಾವುದು, ತಮ್ಮಾ?

ತಮ್ಮಾ,

ಆಶೀರ್ವಾದಗಳು. ನಿನ್ನ ಹಸ್ತಪ್ರತಿ ಓದಿದೆ, ಜೊತೆಗಿಟ್ಟ ಚೀಟಿಯನ್ನೂ ಓದಿದೆ. ಬರೆಯುವುದನ್ನು ಬಿಟ್ಟುಬಿಡಲೇ ಎಂದು ಕೇಳಿದ್ದೀಯ. ಬಿಡುವವರು ಯಾರನ್ನೂ ಕೇಳಿ ಬಿಡುವುದಿಲ್ಲ. ಕಾಗುಣಿತ, ಅಲ್ಪವಿರಾಮ, ಪ್ರಕಾಶಕರ ವಿಳಾಸ ಇವನ್ನೆಲ್ಲ ಬೇರೆ ಯಾರಾದರೂ ಹೇಳಿಕೊಡುತ್ತಾರೆ. ನನ್ನ ತಕರಾರು ನಿನ್ನ ಎರಡನೆಯ ಪುಟದ ಒಂದೇ ಸಾಲಿನ ಮೇಲೆ: 'ವಚನಗಳು ತಮ್ಮ ಸತ್ವದಿಂದಲೇ ಎಂಟುನೂರು ವರ್ಷ ಬದುಕಿ ಬಂದವು.'

ಸುಳ್ಳು ಎನ್ನುವುದಿಲ್ಲ, ಸೋಮಾರಿತನ ಎನ್ನುತ್ತೇನೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಚದುರಿದ ಮೇಲೆ ಸತ್ವ ತಾನೇ ನಡೆದುಕೊಂಡು ಬಂತೇ? ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಅರಸ ಪ್ರೌಢದೇವರಾಯನ ಕಾಲದ ವಿರಕ್ತರು, ಅಂದರೆ ವೀರಶೈವ ಸನ್ಯಾಸಿಗಳು, ಆ ವಚನಗಳನ್ನು ಹುಡುಕಿದರು, ಜೋಡಿಸಿದರು, ಅರ್ಥ ಬಿಡಿಸುವ ಟೀಕೆ ಬರೆದರು, ಶಿಷ್ಯರನ್ನು ಕೂರಿಸಿಕೊಂಡು ಪಾಠ ಹೇಳಿದರು. ಪಾಠಕ್ಕೆ ಬೇಕಾಯಿತು, ಅದಕ್ಕೇ ಪ್ರತಿಯಾಯಿತು. ಓಲೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದು, ಆಮೇಲೆ ಮಸಿ ಸವರಿ ಒರೆಸಬೇಕು. ಕೊರೆದ ಗೆರೆಯಲ್ಲಷ್ಟೇ ಕಪ್ಪು ನಿಲ್ಲುತ್ತದೆ. ಅಲ್ಲಿಯವರೆಗೆ ಬರೆದವನಿಗೇ ತನ್ನ ಅಕ್ಷರ ಸರಿಯಾಗಿ ಕಾಣದು. ಹಳೆಯ ಪ್ರತಿಗಳ ಕೊನೆಗೆ ಲಿಪಿಕಾರರು ಸೇರಿಸುತ್ತಿದ್ದ ಸಂಸ್ಕೃತ ಶ್ಲೋಕವೊಂದಿದೆ: ಬೆನ್ನು, ಸೊಂಟ, ಕತ್ತು ಮುರಿದವು, ನೋಟ ನೆಟ್ಟಿತು, ತಲೆ ತಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಮಾಡಿ. ನಿನ್ನ ಇಡೀ ಬರಹದಲ್ಲಿ ಆ ಬೆನ್ನು ಎಲ್ಲಿದೆ?

ಲಿಪಿಕಾರರ ಬಗ್ಗೆ ನಾನು ಬರೆದ ಲೇಖನವೊಂದರಿಂದ ಒಬ್ಬ ಸಂಪಾದಕರು ಆ ಭಾಗವನ್ನೇ ಕತ್ತರಿಸಿ, ಮಹನೀಯರ ಹೆಸರುಗಳಿದ್ದರೆ ಸಾಕು ಎಂದಿದ್ದರು. ಅವರು ತೀರಿಕೊಂಡು ಬಹಳ ಕಾಲವಾಯಿತು. ನನ್ನ ಸಿಟ್ಟು ಇಳಿದಿಲ್ಲ.

ಫ.ಗು. ಹಳಕಟ್ಟಿಯವರ ಪುಟಗಳನ್ನು ಚೆನ್ನಾಗಿಯೇ ಬರೆದಿದ್ದೀಯ. ವಿಜಾಪುರದ ಆ ವಕೀಲರು 1923ರಲ್ಲಿ 'ವಚನಶಾಸ್ತ್ರಸಾರ' ಎಂಬ ವಚನ ಸಂಗ್ರಹ ಅಚ್ಚು ಹಾಕಿಸಿದ್ದು, ಮನೆ ಮಾರಿ ಮುದ್ರಣಾಲಯ ಹೂಡಿದ್ದು, 1926ರಲ್ಲಿ 'ಶಿವಾನುಭವ' ಪತ್ರಿಕೆ ತೆಗೆದದ್ದು ಎಲ್ಲ ಇದೆ. ಅಚ್ಚಾದದ್ದನ್ನು ಓದಬಲ್ಲವರು ಎಲ್ಲಿಂದ ಬಂದರು ಎಂಬುದಿಲ್ಲ. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಮಲಪ್ರಭೆಯ ದಡದಲ್ಲಿ ಶಿವಯೋಗ ಮಂದಿರ ಕಟ್ಟಿ ವಟುಗಳನ್ನು, ಅಂದರೆ ಮಠಕ್ಕೆ ಸೇರಿದ ಎಳೆಯ ಹುಡುಗರನ್ನು, ಓದಿಗೆ ಕೂರಿಸಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಸೇರಿ ಕೆಎಲ್ಇ ಶಿಕ್ಷಣ ಸಂಸ್ಥೆ ಕಟ್ಟಿದರು. ಮಠಗಳು ಊಟ, ವಸತಿಯ ಉಚಿತ ಪ್ರಸಾದ ನಿಲಯ ತೆರೆದವು. ಒಕ್ಕಲು ಮನೆಯ ಹುಡುಗ ಶಾಲೆಗೂ ಊಟಕ್ಕೂ ಬಂದ, ಊಟಕ್ಕೆ ಮುಂಚೆ ವಚನ ಹೇಳಿದ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಈಗಲೂ ಎಲ್ಲ ಜಾತಿಯ ಸಾವಿರಾರು ಮಕ್ಕಳು ಸಾಲಾಗಿ ಕುಳಿತು ಪ್ರಾರ್ಥನೆ ಮಾಡುತ್ತಾರೆ. ಅರ್ಥ ಆಮೇಲೆ ಹತ್ತುತ್ತದೆ. ಕೆಲವರಿಗೆ ಹತ್ತುವುದೇ ಇಲ್ಲ, ಸಾಲು ಮಾತ್ರ ಬಾಯಲ್ಲಿ ಉಳಿಯುತ್ತದೆ.

ನೀನು ಮುಟ್ಟಲು ಹೆದರಿದ ಸಂಗತಿಯೂ ಇಲ್ಲೇ ಇದೆ. ಶಾಲೆ ಎಲ್ಲವನ್ನೂ ಒಂದೇ ಅಳತೆಯಲ್ಲಿ ಉಳಿಸಲಿಲ್ಲ. 'ಕಳಬೇಡ ಕೊಲಬೇಡ' ನಾಡಿಗೆಲ್ಲ ಬಾಯಿಪಾಠ. ಅಲ್ಲಮನ ಬೆಡಗು, ಒಗಟಿನಂಥ ಆ ವಚನಗಳು, ತರಗತಿಯ ಬಾಗಿಲಾಚೆಯೇ ನಿಂತವು. ಮೇಷ್ಟ್ರಿಗೆ ಹೇಳಿಕೊಡಲು ಸುಲಭವಾದದ್ದು ಬಸವಣ್ಣನವರ ಪೂರ್ಣ ಮುಖವೆಂದು ನಾವು ನಂಬಿಬಿಟ್ಟೆವು. ಇದನ್ನು ಬರೆದರೆ ನಾಲ್ಕು ಜನ ಮುನಿಸಿಕೊಳ್ಳುತ್ತಾರೆ, ಸಭೆಗೆ ಕರೆಯುವುದಿಲ್ಲ. ಒಳ್ಳೆಯದೇ ಆಯಿತು, ಹಾರ ತುರಾಯಿಯ ಕಾಟ ತಪ್ಪುತ್ತದೆ.

ನಿನ್ನ ಊರಿನ ಹತ್ತಿರವೇ ಹಳೆಯ ಪ್ರಸಾದ ನಿಲಯವಿದೆ ಎಂದು ಬರೆದಿದ್ದೀಯಲ್ಲ, ಅಲ್ಲಿಗೆ ಹೋಗು. ನಿವೃತ್ತ ಮೇಷ್ಟ್ರೊಬ್ಬರು ಸಿಕ್ಕೇ ಸಿಗುತ್ತಾರೆ. ಮೊದಲು ಯಾವ ವಚನ ಕಲಿಸುತ್ತಿದ್ದರು, ಯಾವುದನ್ನು ಬಿಡುತ್ತಿದ್ದರು, ಯಾಕೆ ಎಂದು ಕೇಳು. ಎರಡನೆಯ ಪುಟ ಹರಿದುಹಾಕಿ, ಅಲ್ಲಿಂದ ಬರೆದು ಕಳುಹಿಸು. ಈ ಸಲ ಹಾಳೆಯ ಎರಡೂ ಬದಿ ಬರೆಯಬೇಡ, ನನ್ನ ಕಣ್ಣಿಗೆ ಆಗುವುದಿಲ್ಲ.

ಇಂತು ನಿನ್ನ ಹಿತೈಷಿ