ಮೇಜು ಉಳಿಸಲು ಹೋಗಿ ಅದರ ಮುಖ ಉಜ್ಜಬೇಡಿ

ಮಾನ್ಯರೇ,

ಮೈಸೂರಿನಲ್ಲಿ ಪರಂಪರೆಯ ಮಾತು ಬಂದಾಗಲೆಲ್ಲ ಚರ್ಚೆ ಗೋಡೆ, ಗೋಪುರ, ಗಾರೆಯಾಚೆಗೆ ಹೋಗುವುದಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದಾಗಲೂ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಾಗಲೂ ನಡೆದದ್ದು ಅದೇ ಚರ್ಚೆ. ಅಗ್ರಹಾರ, ಲಕ್ಷ್ಮೀಪುರಂ, ಚಾಮರಾಜಪುರಂಗಳ ಹಳೆಯ ಮನೆಗಳಿಂದ, ಶ್ರೀರಂಗಪಟ್ಟಣ, ಮೇಲುಕೋಟೆ ಕಡೆಯ ತೊಟ್ಟಿಮನೆಗಳಿಂದ ಹೊರಬೀಳುವ ಬೀಟೆ, ತೇಗದ ಸಾಮಾನಿನ ಗತಿ ಏನಾಗುತ್ತಿದೆ ಎಂದು ಕೇಳಿದವರು ಕಡಿಮೆ. ಅದಕ್ಕಿರುವುದು ಎರಡೇ ದಾರಿ: ಅಡಿ ಲೆಕ್ಕದಲ್ಲಿ ಹಳೆಮರದ ವ್ಯಾಪಾರಿಯ ಪಾಲಾಗುವುದು, ಇಲ್ಲವೇ ‘ಹೊಸದರ ಹಾಗೆ ಮಾಡಿಕೊಡಿ’ ಎಂಬ ಮಾತಿನೊಂದಿಗೆ ಪಾಲಿಶ್ ಅಂಗಡಿ ಸೇರುವುದು. ಹಳೆಯ ಮರದ ಸಾಮಾನಿನ ದುರಸ್ತಿಯಲ್ಲೇ ಇರುವ ನಮ್ಮ ಕಣ್ಣಿಗೆ, ಮೊದಲನೆಯದಕ್ಕಿಂತ ಎರಡನೆಯ ದಾರಿಯೇ ಹೆಚ್ಚು ಅನ್ಯಾಯದ್ದಾಗಿ ಕಾಣುತ್ತದೆ. ಏಕೆಂದರೆ ಅಲ್ಲಿ ದುಡ್ಡು ಕೊಟ್ಟು ಹಾಳುಮಾಡಿಸಿಕೊಳ್ಳುತ್ತೇವೆ.

ಹಿಂದಿನ ಬಡಗಿ ಒಂದು ಕುರ್ಚಿಯನ್ನು ಮುಂದೊಂದು ದಿನ ಬಿಚ್ಚಬೇಕಾಗುತ್ತದೆ ಎಂದು ತಿಳಿದೇ ಕಟ್ಟುತ್ತಿದ್ದ. ಇದು ನಮ್ಮ ನಾಡಿನ ಜಾಣ್ಮೆ ಮಾತ್ರವಲ್ಲ. ಈಜಿಪ್ಟಿನ ಟುಟಾಂಖಾಮುನ್ ಗೋರಿಯಲ್ಲಿ 1922ರಲ್ಲಿ ಸಿಕ್ಕ ಮಂಚ, ಕುರ್ಚಿಗಳಿಗೆ ಸುಮಾರು 3,300 ವರ್ಷ. ಅವುಗಳಲ್ಲೂ ಒಂದು ಮರದ ತುದಿಯನ್ನು ನಾಲಿಗೆಯಾಗಿ ಕೆತ್ತಿ ಇನ್ನೊಂದರ ತೂತಿಗೆ ಕೂರಿಸಿದ ಜೋಡಣೆಯೇ ಇದೆ. ಚೀನಾದ ಮಿಂಗ್ ಕಾಲದ ಬಡಗಿಗಳು ಮೊಳೆ ಮುಟ್ಟದೆ, ಅಂಟನ್ನೂ ಹೆಚ್ಚು ನೆಚ್ಚದೆ ಬೀರು ಮೇಜುಗಳನ್ನು ನಿಲ್ಲಿಸಿದರು. ಇಂಗ್ಲೆಂಡಿನಲ್ಲಿ 1721ರಲ್ಲಿ ಅಮೆರಿಕದ ವಸಾಹತುಗಳ ಮರದ ಮೇಲಿನ ಆಮದು ಸುಂಕ ತೆಗೆದ ಮೇಲೆ ಮಹಾಗನಿ ಬಂತು, 1754ರಲ್ಲಿ ಅಲ್ಲಿನ ಬಡಗಿ ಥಾಮಸ್ ಚಿಪ್ಪೆಂಡೇಲ್ ತನ್ನ ವಿನ್ಯಾಸಗಳ ಪುಸ್ತಕ ಅಚ್ಚುಹಾಕಿಸಿದ. ಆಕಾರ ಏನೆಲ್ಲ ಬದಲಾದರೂ ಕಾಲು, ಪಟ್ಟಿ ಸೇರುವ ಕಡೆ ಅದೇ ನಾಲಿಗೆ, ಅದೇ ತೂತು. 1859ರ ಥೋನೆಟ್ ಕಂಪನಿಯ 14ನೇ ನಂಬರಿನ ಕುರ್ಚಿಯಂತೂ ಆವಿಯಲ್ಲಿ ಬಾಗಿಸಿದ 6 ಮರದ ತುಂಡು, 10 ಸ್ಕ್ರೂ, 2 ನಟ್ಟುಗಳ ಗಂಟು. ಬಿಡಿಬಿಡಿಯಾಗಿ ಕಟ್ಟಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಬೆಣೆ ತೆಗೆದರೆ ಕಳಚಿಕೊಳ್ಳುವ ನಮ್ಮ ಹಳೆಯ ಮಂಚಗಳದ್ದೂ ಇದೇ ಜಾತಿ.

ಇಂಥ ಕುರ್ಚಿ ಅಲ್ಲಾಡತೊಡಗಿದರೆ ಈಗ ಮಾಡುವುದೇನು? ಎರಡಿಂಚಿನ ಕಬ್ಬಿಣದ ಮೊಳೆ, ಮೇಲೆ ಮರದ ಹಿಟ್ಟು ಕಲಸಿದ ಫೆವಿಕಾಲ್. ಆರು ತಿಂಗಳು ಗಟ್ಟಿಯಾಗಿರುತ್ತದೆ. ಆಮೇಲೆ ಮೊಳೆ ತುಕ್ಕು ಹಿಡಿದು ಉಬ್ಬಿ ನಾಲಿಗೆಯನ್ನೇ ಸೀಳುತ್ತದೆ, ಮರದೊಳಗಿನ ಒಗರಿನೊಡನೆ ಕಬ್ಬಿಣ ಸೇರಿ ಸುತ್ತ ಕಪ್ಪು ಕಲೆ ಕಟ್ಟುತ್ತದೆ. ಫೆವಿಕಾಲ್‌ನಂಥ ಬಿಳಿ ಅಂಟು ಹೊಸ ಮರಕ್ಕೆ ಒಳ್ಳೆಯದೇ. ಆದರೆ ಒಮ್ಮೆ ಒಣಗಿದ ಬಿಳಿ ಅಂಟಿನ ಮೇಲೆ ಇನ್ನೊಮ್ಮೆ ಹಾಕಿದ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಮರದ ರಂಧ್ರಗಳೆಲ್ಲ ಮುಚ್ಚಿಹೋಗಿರುತ್ತವೆ. ಮುಂದಿನ ದುರಸ್ತಿಗೆ ಮರವನ್ನೇ ಕೆತ್ತಿ ತೆಗೆಯಬೇಕು.

ಪ್ರಾಣಿಗಳ ಚರ್ಮ, ಎಲುಬಿನಿಂದ ಮಾಡುವ ಹಳೆಯ ಅಂಟು ಮರವಜ್ರದ ಗುಣ ಬೇರೆ. ಬಿಸಿನೀರು ತಾಗಿದರೆ ಅದು ಬಿಡುತ್ತದೆ, ಹಳೆಯದರ ಮೇಲೆ ಹೊಸದು ಹಾಕಿದರೆ ಎರಡೂ ಕರಗಿ ಒಂದಾಗುತ್ತವೆ. ಒಂದು ಪಾಲು ಮರವಜ್ರದ ಹರಳಿಗೆ ಒಂದೂವರೆಯಿಂದ ಎರಡು ಪಾಲು ನೀರು ಹಾಕಿ ರಾತ್ರಿ ನೆನೆಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕಾಯಿಸಬೇಕು. ಶಾಖ 60–65 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಕುದಿಸಿದರೆ ಅದರ ಜೀವ ಹೋಯಿತು. ನಮ್ಮ ಸೆಕೆಗೆ ಎರಡು ದಿನಕ್ಕೇ ನಾರುತ್ತದೆ, ಬೇಕಾದಷ್ಟೇ ಮಾಡಿಕೊಳ್ಳಿ.

ಕುರ್ಚಿ ಬಿಚ್ಚುವ ಮೊದಲು ಪ್ರತಿ ಕೂಡಿಗೂ (ಜೋಡಣೆಗೂ) ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎಡಗಾಲು ಬಲಗಾಲು ಒಂದೇ ಥರ ಕಂಡರೂ ಕೈಕೆಲಸದಲ್ಲಿ ತೂತುಗಳ ಅಳತೆ ಒಂದೇ ಇರುವುದಿಲ್ಲ. ಅಡ್ಡ ಹೊಡೆದ ಬಿದಿರಿನ ಅಥವಾ ಮರದ ಗೂಟವನ್ನು ಹಿಂದಿನಿಂದ ತಟ್ಟಿ ತೆಗೆಯಿರಿ. ಸಿರಿಂಜಿನಲ್ಲಿ ಬಿಸಿನೀರು ಬಿಟ್ಟು, ಹತ್ತು ನಿಮಿಷ ಕಾದು, ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಕೂಡು ಬಿಡುತ್ತದೆ. ಹಳೆಯ ಅಂಟನ್ನು ಬಿಸಿ ಬಟ್ಟೆಯಲ್ಲಿ ಒರೆಸಿ, ನಾಲಿಗೆ ಸಡಿಲವಾಗಿದ್ದರೆ ಅದೇ ಜಾತಿಯ ಮರದ ತೆಳು ಪದರವೊಂದನ್ನು ಅದರ ಮೈಗೆ ಅಂಟಿಸಿ, ಕೀಸಿ, ಮತ್ತೆ ಕೂರಿಸಬೇಕು. ಪುಟ್ಟಿ ತುಂಬಿದರೆ ಉಪಯೋಗವಿಲ್ಲ, ಭಾರ ಬಿದ್ದಾಗ ಅದು ಪುಡಿಯಾಗುತ್ತದೆ. ಕ್ಲಾಂಪ್ ಇಲ್ಲದಿದ್ದರೆ ಚಿಂತೆಯಿಲ್ಲ: ಕಾಲುಗಳ ಸುತ್ತ ಹಗ್ಗ ಕಟ್ಟಿ, ನಡುವೆ ಕೋಲು ತೂರಿಸಿ ತಿರುಚಿದರೆ ಸಾಕು. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದು ಸಮ ಬಂದಿದೆಯೇ ನೋಡಿ ಒಂದು ದಿನ ಬಿಡಿ. ಸ್ಕ್ರೂ ಹಾಕಲೇಬೇಕಾದ ಕಡೆ ಹಿತ್ತಾಳೆಯದೇ ಹಾಕಿ. ಆದರೆ ಬೀಟೆಗೆ ನೇರವಾಗಿ ತಿರುಗಿಸಿದರೆ ಹಿತ್ತಾಳೆಯ ತಲೆ ಮುರಿದು ಕೈಗೆ ಬರುತ್ತದೆ. ಮೊದಲು ಬೈರಿಗೆಯಲ್ಲಿ ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ತಿರುಗಿಸಿ ತೆಗೆದು, ಆಮೇಲೆ ಹಿತ್ತಾಳೆಯದನ್ನು ಹಾಕಬೇಕು.

ಬೀರುವಿನ ಬಾಗಿಲು ಸೀಳುವುದಕ್ಕೂ ಇಂಥದೇ ಅವಸರದ ಕೆಲಸ ಕಾರಣ. ಚೌಕಟ್ಟಿನ ಗಾಡಿಯಲ್ಲಿ (ಉದ್ದ ತೋಡಿನಲ್ಲಿ) ಕೂತ ನಡುಹಲಗೆಗೆ ಹಿಂದಿನವರು ಅಂಟು ಹಾಕುತ್ತಿರಲಿಲ್ಲ. ಮಾರ್ಚ್ ತಿಂಗಳ ಒಣಹವೆಗೆ ಕುಗ್ಗಿ, ಆಷಾಢದ ತೇವಕ್ಕೆ ಹಿಗ್ಗಿ ಅದು ತನ್ನಷ್ಟಕ್ಕೆ ಸರಿದಾಡಲಿ ಎಂದು. ಮರ ಅಗಲಕ್ಕೆ ಕುಗ್ಗುವಷ್ಟು ಉದ್ದಕ್ಕೆ ಕುಗ್ಗುವುದಿಲ್ಲ. ಈಗ ದಪ್ಪ ಪಾಲಿಶ್ ಸುರಿದು ಆ ಸಂದನ್ನು ಮುಚ್ಚುತ್ತಾರೆ, ಹಲಗೆ ನಾಲ್ಕೂ ಕಡೆ ಅಂಟಿಕೊಳ್ಳುತ್ತದೆ. ಎ.ಸಿ. ಇರುವ ಕೋಣೆಯಲ್ಲಾದರೆ ಒಂದು ಬೇಸಿಗೆ ಸಾಕು, ಮೇಲಿಂದ ಕೆಳಗೆ ಸೀಳು.

ಇನ್ನು ಮೇಲ್ಮೈ. ನಮ್ಮ ದೊಡ್ಡ ತಕರಾರು ಇರುವುದೇ ಇಲ್ಲಿ. ಮೈಸೂರಿನ ಇನ್‌ಲೇ ಕೆಲಸಕ್ಕೆ ಭೌಗೋಳಿಕ ಸೂಚಿ ಮಾನ್ಯತೆ ಇದೆ. ಕಾಗದದ ಮೇಲಿನ ಚಿತ್ರದ ಪ್ರಕಾರ ಹಲಸು ಮೊದಲಾದ ಬೇರೆಬೇರೆ ಬಣ್ಣದ ಮರಗಳನ್ನು ಸಣ್ಣ ಗರಗಸದಲ್ಲಿ ಕತ್ತರಿಸಿ, ಬೀಟೆ ಹಲಗೆಯಲ್ಲಿ ಅಷ್ಟೇ ಆಳಕ್ಕೆ ಉಳಿಯಿಂದ ತೋಡಿ, ತುಂಡುಗಳನ್ನು ಕೂರಿಸುತ್ತಾರೆ. ಸಮತಟ್ಟು ಮಾಡಿದ ಮೇಲೆ ಆನೆಯ ಕಣ್ಣು, ಅಂಬಾರಿಯ ಜಾಲರಿ, ನವಿಲಿನ ಗರಿಯ ಗೆರೆಗಳನ್ನು ಗೀರಿ ಅವಕ್ಕೆ ಕಪ್ಪು ತುಂಬುತ್ತಾರೆ. ಆ ಗೆರೆ ಎಷ್ಟು ಆಳ ಎಂದು ಉಗುರಿನಿಂದ ಮುಟ್ಟಿ ನೋಡಿ. ಉಗುರಿಗೆ ತಾಗೀ ತಾಗದಷ್ಟು. ಅದರ ಮೇಲೆ ಕರೆಂಟಿನ ಉಜ್ಜುವ ಯಂತ್ರಕ್ಕೆ ಉಪ್ಪುಕಾಗದ ಸಿಕ್ಕಿಸಿ ಎರಡು ಸುತ್ತು ಓಡಿಸಿದರೆ ಆನೆಗೆ ಕಣ್ಣಿಲ್ಲ, ನವಿಲಿಗೆ ಗರಿಯಿಲ್ಲ, ಬಣ್ಣಬಣ್ಣದ ತೇಪೆ ಮಾತ್ರ ಉಳಿಯುತ್ತದೆ. ಹಲಗೆ ಹೊಳೆಯುತ್ತದೆ ನಿಜ. ಮನೆಯವರೂ ಖುಷಿಯಾಗಿ ದುಡ್ಡು ಕೊಡುತ್ತಾರೆ.

ಹಾಗಾಗಿ ಹಳೆಯ ಸಾಮಾನಿಗೆ ಯಾವ ಪಾಲಿಶ್ ಇದೆ ಎಂದು ಮೊದಲು ತಿಳಿಯಬೇಕು. ಕಾಣದ ಮೂಲೆಯೊಂದರಲ್ಲಿ ಹತ್ತಿಯಿಂದ ಒಂದು ತೊಟ್ಟು ಸ್ಪಿರಿಟ್ ಮುಟ್ಟಿಸಿ. ಅಂಟಂಟಾದರೆ ಅದು ಅರಗು. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಎನ್‌.ಸಿ. ಲ್ಯಾಕರ್ (ನೈಟ್ರೋಸೆಲ್ಯುಲೋಸ್ ಪಾಲಿಶ್). ಎರಡಕ್ಕೂ ಜಗ್ಗದಿದ್ದರೆ ಪಿ.ಯು. (ಪಾಲಿಯುರೆಥೇನ್) ಅಥವಾ ಮೆಲಮೈನ್ ಎಂಬ ರಾಸಾಯನಿಕ ಪಾಲಿಶ್. ಅರಗಿನ ಪಾಲಿಶ್ ಆಗಿದ್ದರೆ ಉಜ್ಜಿ ತೆಗೆಯುವ ಮಾತೇ ಬೇಡ. ಬಿಸಿ ಲೋಟ ಇಟ್ಟು ಮೂಡಿದ ಬಿಳಿ ಉಂಗುರ ಪದರದೊಳಗೆ ಸಿಕ್ಕ ತೇವ ಅಷ್ಟೆ, ಸ್ಪಿರಿಟ್ ಸೋಕಿಸಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಗಾಳಿಯಂತೆ ಒಮ್ಮೆ ಸವರಿದರೆ ಹೋಗುತ್ತದೆ.

ಹೊಸ ಕೋಟು ಬೇಕೆಂದರೆ ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 150 ಗ್ರಾಂ ಅರಗಿನ ಚಕ್ಕೆ ಹಾಕಿ, ಒಂದು ದಿನ ಬಿಟ್ಟು ಮಲ್ಲು ಬಟ್ಟೆಯಲ್ಲಿ ಸೋಸಿಕೊಳ್ಳಿ. ಆರು ತಿಂಗಳು ಮೀರಿದ ದ್ರಾವಣ ಬಳಸಬೇಡಿ, ಎಷ್ಟು ದಿನವಾದರೂ ಗಟ್ಟಿಯಾಗದೆ ಕೈಗೆ ಅಂಟುತ್ತಿರುತ್ತದೆ. ಜಿಟಿಜಿಟಿ ಮಳೆಯ ದಿನ ಪಾಲಿಶ್ ಹಿಡಿಯಬಾರದು, ಗಾಳಿಯ ತೇವ ಕುಡಿದು ಪದರ ಹಾಲಿನಂತೆ ಬೆಳ್ಳಗಾಗುತ್ತದೆ. ಇನ್‌ಲೇ ಹಲಗೆಯಲ್ಲಿ ಇನ್ನೊಂದು ಅಪಾಯವಿದೆ. ಬೀಟೆಯ ನೇರಳೆ ಬಣ್ಣ ಸ್ಪಿರಿಟ್‌ನಲ್ಲಿ ಕರಗಿ ಪಕ್ಕದ ಹಲಸಿನ ಹಳದಿಗೆ ಹರಿಯುತ್ತದೆ. ಒಮ್ಮೆ ಇಳಿದ ಬಣ್ಣವನ್ನು ತೆಗೆಯುವುದು ಬಹಳ ಕಷ್ಟ. ತಿಳಿಬಣ್ಣದ ತುಂಡುಗಳಿಗೆ ಮಾತ್ರ ಸಣ್ಣ ಬ್ರಷ್ಷಿನಲ್ಲಿ ತೆಳು ಅರಗು ಎರಡು ಸಲ ಹಚ್ಚಿ ಒಣಗಿಸಿ, ಆಮೇಲೆ ಇಡೀ ಹಲಗೆಗೆ ಕೈ ಹಾಕಬೇಕು. ಪಾಲಿಶ್ ಹಚ್ಚುವ ಹತ್ತಿಯುಂಡೆ ಸರಾಗವಾಗಿ ಓಡಲು ಅಗಸೆ ಎಣ್ಣೆ ಹನಿ ಲೆಕ್ಕದಲ್ಲಿ ಸಾಕು. ಆ ಎಣ್ಣೆಯ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾವಾಗಿಯೇ ಕಾದು ಹೊತ್ತಿಕೊಳ್ಳುತ್ತವೆ, ಬಿಡಿಸಿ ಬಯಲಲ್ಲಿ ಒಣಹಾಕಿ.

ಬೆತ್ತದ ಕುರ್ಚಿಯ ಬಗ್ಗೆ ಎರಡು ಮಾತು ಸಾಕು. ಜೋತುಬಿದ್ದ ಹೆಣಿಗೆಯನ್ನು ಕೂಡಲೇ ಕಿತ್ತೆಸೆಯಬೇಡಿ. ಕುರ್ಚಿ ಬೋರಲು ಹಾಕಿ ತಳದಿಂದ ಒದ್ದೆ ಬಟ್ಟೆಯಲ್ಲಿ ನೆನೆಸಿ, ನೆರಳಲ್ಲಿ ಒಂದು ದಿನ ಒಣಗಿಸಿದರೆ ಮತ್ತೆ ಬಿಗಿಯುತ್ತದೆ. ಮೇಲಿನ ನುಣುಪು ತೊಗಟೆ ನೀರು ಹೀರದು, ಅದಕ್ಕೇ ತಳದಿಂದ. ಪ್ಲಾಸ್ಟಿಕ್ ಬೆತ್ತಕ್ಕೆ ಈ ಗುಣವಿಲ್ಲ, ಜೊತೆಗೆ ಚೌಕಟ್ಟಿನ ತೂತುಗಳ ಅಂಚನ್ನು ಕೊಯ್ಯುತ್ತದೆ.

ಕೊಳ್ಳುವವರಿಗೂ ಒಂದಿಷ್ಟು. ‘ನೂರೈವತ್ತು ವರ್ಷದ್ದು’ ಎಂದು ಮಾರುವ ಮೇಜಿನ ಮೇಲ್ಭಾಗ ನೋಡಿ ಬೆಲೆ ಕಟ್ಟಬೇಡಿ, ತಳಕ್ಕೆ ಟಾರ್ಚ್ ಹಾಕಿ. ಗರಗಸದ ಗೆರೆ ಕಮಾನಿನಂತೆ ಬಾಗಿದ್ದರೆ ಮರ ಯಂತ್ರದ ಚಕ್ರದಲ್ಲಿ ಸೀಳಿದ್ದು, ನೇರವಾಗಿ ಏರುಪೇರಾಗಿದ್ದರೆ ಕೈಯಲ್ಲಿ ಕೊಯ್ದದ್ದಿರಬಹುದು. ಮೂಲ ಸ್ಕ್ರೂಗಳ ತಲೆಯಲ್ಲಿ ಕೂಡಿಸುವ ಗುರುತಿನ ಗಾಡಿ ಇದ್ದರೆ ಅವು 1930ರ ದಶಕಕ್ಕಿಂತ ಹಿಂದಿನವಲ್ಲ. ದುಂಡುಮೇಜನ್ನು ನಾರಿನುದ್ದಕ್ಕೂ ಅಡ್ಡಕ್ಕೂ ಅಳೆಯಿರಿ. ನಿಜವಾಗಿ ಹಳೆಯದಾದರೆ ಅಡ್ಡ ಅಳತೆ ಕೆಲವು ಮಿಲಿಮೀಟರ್ ಕಡಿಮೆಯಿರುತ್ತದೆ. ಕುಟ್ಟೆಹುಳದ ತೂತುಗಳು ಮರದ ಮೈಮೇಲೆ ಚುಕ್ಕಿಯಾಗಿ ಕಾಣಬೇಕು. ಕಾಲುವೆಯಾಗಿ ಉದ್ದುದ್ದ ಕಂಡರೆ ಹುಳ ತಿಂದ ಮೇಲೆ ಮರ ಸೀಳಿದ್ದಾರೆಂದು ಅರ್ಥ, ಅಂದರೆ ಯಾವುದೋ ತೊಟ್ಟಿಮನೆಯ ಕಂಬ ಅಥವಾ ಬಾಗಿಲುವಾಡ ಮೇಜಾಗಿದೆ. ಹಾಗೆ ಮಾಡುವುದು ತಪ್ಪಲ್ಲ, ಹೇಳದೆ ಮಾರುವುದು ತಪ್ಪು. ಬಣ್ಣ ಹಚ್ಚಿದ ತೇಗ ಬೀಟೆಯೆಂದು ಹೋಗುವುದೂ ಉಂಟು. ಖಾನೆಯೊಂದನ್ನು ಕೈಯಲ್ಲಿ ಹಿಡಿದರೆ ಭಾರವೇ ಹೇಳುತ್ತದೆ: ಘನ ಮೀಟರಿಗೆ ತೇಗ ಸುಮಾರು 650 ಕೆ.ಜಿ., ಬೀಟೆ 850ರ ಆಸುಪಾಸು.

ದಂತದ ಕೆಲಸವಿರುವ ಸಾಮಾನು ಮನೆಯಲ್ಲಿದ್ದರೆ ಮಾರಲು ಹೋಗಬೇಡಿ. 1897ರ ಬೆಂಕಿಯ ನಂತರ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಿನಲ್ಲಿ ದಂತದ ಇನ್‌ಲೇ ನೋಡಿ ಬೆರಗಾಗುತ್ತೇವೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಮತ್ತು 1991ರಲ್ಲಿ ಆದ ತಿದ್ದುಪಡಿಗಳ ಮೇಲೆ ದಂತದ ವ್ಯಾಪಾರ ಅಪರಾಧ. ಅಜ್ಜನ ಕಾಲದ್ದು ಎಂಬ ಸಬೂಬು ನಡೆಯದು. ಉದುರಿದ ದಂತದ ಚೂರಿನ ಜಾಗಕ್ಕೆ ತಿಳಿಬಣ್ಣದ ಮರವನ್ನೇ ಕೂರಿಸಿ. ಇನ್ನು ಬೀಟೆ: 2017ರಿಂದ ಆ ಕುಲದ ಬಹುತೇಕ ಎಲ್ಲ ಮರಗಳು, ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ಹೊಸ ಬೀಟೆ ಸಿಗುವುದೇ ದುರ್ಲಭವಾಗಿರುವಾಗ ಮುರಿದ ಹಳೆಯ ಕಾಲೊಂದೂ ತೇಪೆಗೆ ಬೇಕಾಗುವ ಸರಕು, ಒಲೆಗೆ ಹಾಕಬೇಡಿ.

ಕಡೆಯದಾಗಿ ಆಡಳಿತಕ್ಕೊಂದು ಕೋರಿಕೆ. ಮೈಸೂರು, ಮಂಡ್ಯ ಜಿಲ್ಲೆಗಳ ಹಳೆಯ ಕಚೇರಿ, ಶಾಲೆ, ಕಾಲೇಜುಗಳ ತೇಗದ ಮೇಜು, ಕಡತದ ಬೀರು, ಬೆತ್ತದ ಕುರ್ಚಿಗಳು ಮುರಿದ ಕಬ್ಬಿಣದ ಕುರ್ಚಿಗಳ ಜೊತೆ ಒಂದೇ ರಾಶಿಯಾಗಿ ಗುಜರಿ ಹರಾಜಿಗೆ ಬೀಳುತ್ತವೆ. ಹರಾಜಿಗೆ ಮುನ್ನ ಮರದ ಸಾಮಾನನ್ನು ಬೇರೆ ಪಟ್ಟಿ ಮಾಡಿ: ಯಾವ ಮರ, ಕೂಡು ಹೇಗಿದೆ, ಯಾವ ಪಾಲಿಶ್, ತಳದ ಫೋಟೊ ಒಂದು. ಮರ ಬಲ್ಲ ಬಡಗಿಯೊಬ್ಬರನ್ನು ಕರೆಸಿದರೆ ಒಂದು ಕಚೇರಿಯ ಕೆಲಸ ಅರ್ಧ ದಿನದ್ದು. ದುರಸ್ತಿಗೆ ಟೆಂಡರ್ ಕರೆಯುವಾಗ ‘ಯಂತ್ರದಿಂದ ಉಜ್ಜತಕ್ಕದ್ದಲ್ಲ, ಅರಗಿನ ಪಾಲಿಶ್ ಮಾತ್ರ, ಕಬ್ಬಿಣದ ಮೊಳೆ ನಿಷಿದ್ಧ’ ಎಂಬ ಮೂರು ಷರತ್ತು ಸೇರಿಸಿ.

– ಹಳೆಯ ಮರದ ಸಾಮಾನು ದುರಸ್ತಿ ಕೆಲಸಗಾರರು, ಮೈಸೂರು